ನೂರಾ ಹದಿನೇಳನೆಯ ಅಣುವಿನ ಚುಕ್ಕೆಗೆರೆ

ನಾನು ಬರೆದ ಪ್ರೋಗ್ರಾಮನ್ನು ಮಸ್ತೂರಾ ಓಪಾ ಮೊದಲ ಸಲ ನೋಡಿದಾಗ ಹೊಗಳಲಿಲ್ಲ, ತೆಗಳಲೂ ಇಲ್ಲ. ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು, ಅಲ್ಲಿ ಗಿರಗಿರ ತಿರುಗುತ್ತಿದ್ದ ಅಣುವನ್ನು ಒಂದು ನಿಮಿಷ ನೋಡಿದರು.

"ಇದರಲ್ಲಿ ಎಷ್ಟು ಗೆರೆ ಎಳೆದಿದೀಯ?"

"ಎಷ್ಟು ಬೇಕೋ ಅಷ್ಟು ಓಪಾ. ನಾನೆಲ್ಲಿ ಎಳೆಯೋದು, ಕಂಪ್ಯೂಟರೇ ಎಳ್ಕೊಳತ್ತೆ."

"ಸರಿ, ಅದಕ್ಕಾದ್ರೂ ಗೊತ್ತಾ ಎಷ್ಟು ಎಳೆದೆ ಅಂತ?"

"ಗೊತ್ತಿರತ್ತೆ. ಒಳಗೆಲ್ಲೋ."

"ಒಳಗೆ ಗೊತ್ತಿಟ್ಕೊಂಡು ಬಾಯಿ ಬಿಡದೇ ಇದ್ರೆ ನನಗೇನು ಬಂತು ಮಗನೇ?" ಎಂದು ಹೇಳಿ ಚಹಾ ಮಾಡಲು ಹೋದರು.

ನನಗೆ ಮೈ ಉರಿದುಹೋಯಿತು. ಆಗ ನನಗೆ ಇಪ್ಪತ್ತಾರು. ತಾಷ್ಕೆಂಟಿನಲ್ಲಿ ನನ್ನಂಥ ಪ್ರೋಗ್ರಾಮರ್ ಇನ್ನೊಬ್ಬನಿಲ್ಲ ಎಂದು ಮನಸಾರೆ ನಂಬಿದ್ದ ಕಾಲ. ಚೆಂಡುಗಳಿಗೆ ಹೊಳಪು, ಕಡ್ಡಿಗಳಿಗೆ ನೆರಳು, ಮೌಸ್ ಎಳೆದರೆ ಅಣುವೆಲ್ಲ ಬುಗುರಿಯ ಹಾಗೆ ತಿರುಗುವುದು, ಇಷ್ಟೆಲ್ಲ ಮಾಡಿಟ್ಟಿದ್ದೇನೆ, ಈ ಮುದುಕಿಗೆ ಲೆಕ್ಕ ಬೇಕಂತೆ! ಇವತ್ತು ನನ್ನ ತಲೆಯೇ ಅರ್ಧ ನರೆತಿದೆ. ಈಗ ಹೊಸ ಹುಡುಗರು ತಮ್ಮ ಪ್ರೋಗ್ರಾಮು ತಂದು ತೋರಿಸಿದಾಗ ನಾನು ಕೇಳುವ ಮೊದಲ ಪ್ರಶ್ನೆಯೂ ಅದೇ. ಅವರೂ ಮುಖ ಊದಿಸಿಕೊಂಡು ಹೋಗುತ್ತಾರೆ.

ನಮ್ಮದು ಗಿಡಮೂಲಿಕೆಗಳ ರಸಾಯನ ಶೋಧಿಸುವ ಇನ್‌ಸ್ಟಿಟ್ಯೂಟು. ಬೆಟ್ಟದಿಂದ ಬೇರು, ಬೀಜ ಕಿತ್ತು ತಂದು, ಅರೆದು, ಬೇಯಿಸಿ, ಅದರಿಂದ ಚಿಟಿಕೆಯಷ್ಟು ವಸ್ತುವನ್ನು ಬೇರ್ಪಡಿಸುತ್ತಾರೆ. ಅದನ್ನು ಹರಳುಗಟ್ಟಿಸಿ, ಹರಳಿನೊಳಗೆ ಕ್ಷ-ಕಿರಣ ಹಾಯಿಸಿ, ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಎಂದು ಲೆಕ್ಕ ಹಾಕುತ್ತಾರೆ. ನಲವತ್ತು ವರ್ಷಗಳಲ್ಲಿ ಹೀಗೆ ಮುನ್ನೂರ ಹನ್ನೆರಡು ಅಣುಗಳ ರೂಪ ಗೊತ್ತಾಗಿತ್ತು. 2003ರ ಅಕ್ಟೋಬರ್ ಕೊನೆಗೆ ಇನ್‌ಸ್ಟಿಟ್ಯೂಟಿಗೆ ನಲವತ್ತು ತುಂಬುವುದಿತ್ತು. ಆ ಸಮಾರಂಭಕ್ಕೆ ಮುನ್ನೂರ ಹನ್ನೆರಡನ್ನೂ ಒಂದು ಡಿಸ್ಕಿನಲ್ಲಿ ಹಾಕಿ ಬಂದವರಿಗೆಲ್ಲ ಹಂಚಬೇಕೆಂದು ಡೈರೆಕ್ಟರ್ ಎರ್ಗಾಶ್ ದೋಮ್ಲಾ ಅವರ ಆಸೆ. ದೋಮ್ಲಾ ಎಂದರೆ ನಮ್ಮಲ್ಲಿ ಮೇಷ್ಟ್ರು. ಚಿತ್ರ ಬರೆಯುವ ಪ್ರೋಗ್ರಾಮು ನನ್ನ ಪಾಲಿಗೆ ಬಂತು. ಅದರಿಂದಾಗಿ, ಸರ್ಕಾರ ಪ್ರತಿ ವರ್ಷ ನಮ್ಮಂಥವರನ್ನೂ ಕಳಿಸುತ್ತಿದ್ದ ಹತ್ತಿ ಬಿಡಿಸುವ ಕೆಲಸದಿಂದ ಆ ವರ್ಷ ನಾನು ತಪ್ಪಿಸಿಕೊಂಡೆ. ಉಳಿದವರಲ್ಲಿ ಅರ್ಧಕ್ಕರ್ಧ ಜನ ಹೊಲದಲ್ಲಿ ಬೆನ್ನು ಬಗ್ಗಿಸಿದ್ದರು. ಮೂರನೆಯ ಮಹಡಿಯಲ್ಲಿ ನಾನು, ಮಸ್ತೂರಾ ಓಪಾ ಇಬ್ಬರೇ.

ಓಪಾ ಎಂದರೆ ನಮ್ಮಲ್ಲಿ ಅಕ್ಕ. ಅರವತ್ತೇಳು ವಯಸ್ಸಿನ ಆಕೆ ಇಡೀ ಇನ್‌ಸ್ಟಿಟ್ಯೂಟಿಗೆ ಅಕ್ಕ. ಹರಳು ನೋಡುವುದರಲ್ಲಿ ಅವರನ್ನು ಮೀರಿಸಿದವರು ಅಲ್ಲಿ ಯಾರೂ ಇರಲಿಲ್ಲ. ಸಮಾರಂಭ ಮುಗಿದ ಮಾರನೆಯ ದಿನವೇ ಅವರಿಗೆ ನಿವೃತ್ತಿ. ಅವರ ಕೋಣೆಯ ಗೋಡೆಗೆ ಆತುಕೊಂಡಿದ್ದ, ಮುನ್ನೂರ ಹನ್ನೆರಡು ಅಣುಗಳ ಮೂಲ ಚಿತ್ರಗಳಿದ್ದ ಬೀರುವನ್ನೂ ಖಾಲಿ ಮಾಡಿಸುವುದು ಎಂದು ತೀರ್ಮಾನವಾಗಿತ್ತು.

ಚಹಾ ಹಿಡಿದು ಬಂದ ಅವರ ಬಗಲಲ್ಲಿ ಒಂದು ಟ್ರೇಸಿಂಗ್ ಪೇಪರ್ ಸುರುಳಿ ಇತ್ತು. ಮೇಜಿನ ಮೇಲೆ ಬಿಡಿಸಿಟ್ಟರು. ಮೂಲೆಯಲ್ಲಿ 117 ಎಂಬ ಸಂಖ್ಯೆ. ಕಪ್ಪು ಇಂಕಿನಲ್ಲಿ ಬರೆದ ಅಣು. ಹತ್ತು ಪರಮಾಣುಗಳ ಒಂದು ದೊಡ್ಡ ಉಂಗುರ, ಅದರ ಒಂದು ದಡದಲ್ಲಿ ಸಾರಜನಕ, ಎದುರು ದಡದಲ್ಲಿ ಆಮ್ಲಜನಕವನ್ನು ಹೊತ್ತ ಇಂಗಾಲ.

"ಇಲ್ಲಿ ಬೆರಳಿಟ್ಟು ನೋಡು," ಎಂದರು.

ಆ ಎರಡು ಪರಮಾಣುಗಳ ನಡುವಿನ ಖಾಲಿ ಜಾಗ ಬೆರಳಿಗೆ ಒರಟಾಗಿ ಹತ್ತಿತು.

"ಬ್ಲೇಡಿನಿಂದ ಹೆರೆದಿದ್ದು. ಎಪ್ಪತ್ತೊಂಬತ್ತರಲ್ಲಿ. ನಾನು ಅಲ್ಲಿ ಚುಕ್ಕೆಗೆರೆ ಹಾಕಿಸಿದ್ದೆ. ಎರ್ಗಾಶ್ ಆಗ ನಮ್ಮ ಲ್ಯಾಬಿನ ಹೆಡ್ಡು. ನನ್ನ ಕಣ್ಣೆದುರಿಗೇ ಬ್ಲೇಡು ಇಸ್ಕೊಂಡು ಹೆರೆದ್ರು. ಬಂಧ ಇದ್ರೆ ಇದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ, ಇದೇನು ಅರೆಬರೆ ಅಂದ್ರು."

"ಇದೆಯೋ ಇಲ್ವೋ, ಓಪಾ?"

"ಮಾಮೂಲಿಯಾಗಿ ಸಾರಜನಕ, ಇಂಗಾಲ ಕೈ ಹಿಡಿದ್ರೆ ನಡುವೆ ಒಂದೂವರೆ ಆಂಗ್‌ಸ್ಟ್ರಾಮ್. ಬರೀ ನೆರೆಹೊರೆ ಆಗಿದ್ರೆ ಮೂರರ ಆಚೆ. ಇದು ಎರಡು ಪಾಯಿಂಟ್ ಒಂದು ಎಂಟು. ಅಷ್ಟೇ ಅಲ್ಲ, ಈ ಇಂಗಾಲ ತನ್ನ ಮೂರು ಜೊತೆಗಾರರ ಸಾಲಿಂದ ಮೇಲೆದ್ದು ಸಾರಜನಕದ ಕಡೆ ಕತ್ತು ಚಾಚಿದೆ. ಸುಮ್ಮಸುಮ್ಮನೆ ಯಾರಾದ್ರೂ ಕತ್ತು ಚಾಚ್ತಾರಾ? ಈಗ ಹೊರಗಿನ ಪತ್ರಿಕೆಗಳಲ್ಲಿ ಇಂಥದ್ದಕ್ಕೆಲ್ಲ ಧಾರಾಳವಾಗಿ ಚುಕ್ಕೆ ಹಾಕ್ತಾರೆ. ನಮ್ಮ ಕ್ಯಾಟಲಾಗಲ್ಲಿ ಮಾತ್ರ ಅಲ್ಲಿ ಏನೂ ಇಲ್ಲ." ಸುರುಳಿಯನ್ನು ನೀವುತ್ತ ಮುಂದುವರಿಸಿದರು. "ಈ ಕಾಗದ ಮುಂದಿನ ತಿಂಗಳು ರದ್ದಿಗೆ ಹೋಗತ್ತೆ. ನಾನು ಮನೆಗೆ ಹೋಗ್ತೀನಿ. ನಿನ್ನ ಡಿಸ್ಕಲ್ಲಿ ಹೇಗಿರತ್ತೋ ಅದೇ ಉಳಿಯೋದು. ನನಗೆ ಅದರಲ್ಲಿ ಆ ಒಂದು ಚುಕ್ಕೆಗೆರೆ ಬೇಕು ಸಂಜರ್. ಬೇರೇನೂ ಬೇಡ."

ಒಂದು ಗೆರೆ ತಾನೇ, ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿಬಿಡುತ್ತೇನೆ ಎಂದುಕೊಂಡೆ.

ಇಲ್ಲೊಂದು ಮಾತು ಹೇಳಬೇಕು. ಆಂಗ್‌ಸ್ಟ್ರಾಮ್ ಎಂದರೆ ಪರಮಾಣುಗಳ ನಡುವಿನ ದೂರ ಅಳೆಯುವ ಮಾನ. ಕ್ಷ-ಕಿರಣಕ್ಕೆ ಪರಮಾಣು ಕಾಣುತ್ತದೆ, ಬಂಧ ಕಾಣುವುದಿಲ್ಲ. ಪುಸ್ತಕಗಳ ಅಣುಚಿತ್ರದಲ್ಲಿ ನೀವು ನೋಡುವ ಗೆರೆಗಳನ್ನೆಲ್ಲ ಎಳೆದವರು ಮನುಷ್ಯರು. ನನ್ನ ಪ್ರೋಗ್ರಾಮಿನಲ್ಲಿ ಇದ್ದದ್ದು ಒಂದೇ ನಿಯಮ: ಎರಡು ಪರಮಾಣುಗಳು ಇಷ್ಟಕ್ಕಿಂತ ಹತ್ತಿರ ಇದ್ದರೆ ಗೆರೆ, ಇಲ್ಲದಿದ್ದರೆ ಇಲ್ಲ. ಪ್ರತಿ ಜೋಡಿಗೂ ಒಂದು ಮನೆ, ಅದರಲ್ಲಿ ಒಂದು ಅಥವಾ ಸೊನ್ನೆ. ಚುಕ್ಕೆಗೆ ಜಾಗವೇ ಇರಲಿಲ್ಲ. ಬ್ಲೇಡು ಹಿಡಿದ ಎರ್ಗಾಶ್ ದೋಮ್ಲಾ ಹೇಳಿದ್ದನ್ನೇ ನಾನು ಇಪ್ಪತ್ತನಾಲ್ಕು ವರ್ಷಗಳ ನಂತರ ಕಂಪ್ಯೂಟರಿಗೆ ಬಾಯಿಪಾಠ ಮಾಡಿಸಿದ್ದೆ.

ಮೊದಲು ಮಾಡಿದ್ದು ಶುದ್ಧ ಬೆಪ್ಪುತನ. ಮಿತಿಯನ್ನು ಎರಡು ಪಾಯಿಂಟ್ ಎರಡಕ್ಕೆ ಏರಿಸಿಬಿಟ್ಟೆ. ಅಷ್ಟರೊಳಗಿನ ಪ್ರತಿ ಜೋಡಿಯೂ ಕೈ ಹಿಡಿದುಕೊಂಡಿತು. ಜಲಜನಕಗಳು ಒಂದಕ್ಕೊಂದು ಜೋತುಬಿದ್ದವು.

"ಇದೇನು ಅಣುವೋ, ಹುಲ್ಲಿನ ಮೆದೆಯೋ?" ಎಂದು ಓಪಾ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾಗಿದ್ರೆ ಮೌಸ್ ತಗೊಂಡು ಇದರ ಮೇಲೊಂದ್ಸಲ, ಅದರ ಮೇಲೊಂದ್ಸಲ ಒತ್ತೋದು. ಆ ಎರಡಕ್ಕೆ ಮಾತ್ರ ಗೆರೆ ಬರೋ ಹಾಗೆ ಮಾಡ್ತೀನಿ."

"ಮಾಡು. ನಾಳೆ ಇನ್ಯಾರೋ ಬಂದು ಒತ್ತಿ ತೆಗೀತಾರೆ. ಯಾರು ಹಾಕಿದ್ರು, ಯಾಕೆ ಹಾಕಿದ್ರು, ಎಷ್ಟು ದೂರ ನೋಡಿ ಹಾಕಿದ್ರು, ಏನಾದ್ರೂ ಗುರುತಿರತ್ತಾ? ಬೆರಳಲ್ಲಿ ತೋರಿಸಿದ್ದು ಬೆರಳು ತೆಗೆದ್ರೆ ಹೋಯ್ತು. ಮಾತಲ್ಲಿ ಹೇಳೋ ಹಾಗೆ ಮಾಡು."

"ಮಾತಲ್ಲಿ ಅಂದ್ರೆ, ಕಮಾಂಡು?"

"ಅದಕ್ಕೆ ನೀವೇನಂತೀರೋ. ನಾನು ಕಿಮ್‌ಗೆ ಹೇಳ್ತಿದ್ನಲ್ಲ, ಹಾಗೆ."

ಗೆನ್ನಾದಿ ಕಿಮ್ ಇನ್‌ಸ್ಟಿಟ್ಯೂಟಿನ ನಕ್ಷೆಗಾರ. ಮೂವತ್ತು ವರ್ಷ ಅಣುಚಿತ್ರಗಳನ್ನೆಲ್ಲ ಇಂಕಿನಲ್ಲಿ ಬರೆದು, ನಾನು ಸೇರುವ ಮೊದಲೇ ಮಗಳ ಊರಿಗೆ ಹೊರಟುಹೋಗಿದ್ದ ಕೊರಿಯನ್ನರವ. ರಸಾಯನ ಒಂದಕ್ಷರ ಗೊತ್ತಿರಲಿಲ್ಲವಂತೆ. ಓಪಾ ಬೀರುವಿನ ಕೆಳಗಿನ ಖಾನೆಯಿಂದ ಒಂದು ಶೂ ಡಬ್ಬಿ ತೆಗೆದರು. ಅದರ ತುಂಬ ಅವರು ಕಿಮ್‌ಗೆ ಕಳಿಸಿದ್ದ ಚೀಟಿಗಳು. ಒಂದನ್ನು ತೆಗೆದು ಓದಿದೆ: ಸಾರಜನಕದಿಂದ ಇಂಗಾಲಕ್ಕೆ, ಒಂದು ಪಾಯಿಂಟ್ ನಾಲ್ಕರಿಂದ ಒಂದು ಪಾಯಿಂಟ್ ಆರರವರೆಗೆ, ದಪ್ಪ ಪೆನ್ನು, ಎಳೆಯಿರಿ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಏಳು ಎಂದು ಬರೆದಿತ್ತು.

"ಈ ಏಳು ಏನು?"

"ಕಿಮ್ ಬರೆದಿದ್ದು. ಎಷ್ಟು ಗೆರೆ ಎಳೆದೆ ಅಂತ ಬರೆದೇ ಚೀಟಿ ವಾಪಸ್ ಕಳಿಸ್ತಿದ್ದ. ನನ್ನ ಲೆಕ್ಕ ಏಳು, ಅವನದು ಎಂಟು ಬಂದ್ರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ. ಚಿತ್ರ ನೋಡೋ ಮೊದಲೇ ಗೊತ್ತಾಗ್ತಿತ್ತು."

ನಾನು ಆ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತೆ. ನಾಲ್ಕು ನೂರು ಚೀಟಿ ಓದಿರಬೇಕು. ಓದುತ್ತ ಹೋದಂತೆ ನನ್ನ ಸೊಕ್ಕು ಇಳಿಯುತ್ತ ಹೋಯಿತು. ರಸಾಯನವೇ ಗೊತ್ತಿಲ್ಲದ ಒಬ್ಬ ಮನುಷ್ಯ ತಪ್ಪು ಮಾಡಲು ಸಾಧ್ಯವೇ ಆಗದಂತೆ ಈ ಹೆಂಗಸು ಮೂವತ್ತು ವರ್ಷ ಮಾತನ್ನು ತಿದ್ದಿ ತೀಡಿದ್ದರು. ಹಳೆಯ ಚೀಟಿಗಳು ಉದ್ದ, ಗೋಜಲು. ಬರಬರುತ್ತ ಅವು ಚಿಕ್ಕವಾಗಿದ್ದವು. ಕೊನೆಯ ಹತ್ತು ವರ್ಷದ ಚೀಟಿಗಳಲ್ಲಿ ಒಂದು ಪದ ತೆಗೆಯುವಂತಿರಲಿಲ್ಲ, ಒಂದು ಪದ ಸೇರಿಸುವಂತಿರಲಿಲ್ಲ. ಯಾರಿಂದ, ಯಾರಿಗೆ, ಎಷ್ಟರಿಂದ ಎಷ್ಟಕ್ಕೆ, ಯಾವ ಗೆರೆ, ಏನು ಮಾಡಬೇಕು. ನಾನು ಕಾಲೇಜಿನಲ್ಲಿ ಐದು ವರ್ಷ ಕಂಪ್ಯೂಟರ್ ಭಾಷೆಗಳನ್ನು ಓದಿದ್ದೆ. ಒಳ್ಳೆಯ ಭಾಷೆಯೊಂದು ಶೂ ಡಬ್ಬಿಯಲ್ಲಿ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಮೂರು ಕಮಾಂಡು ಮಾಡೋಣ ಎಂದು ಇಬ್ಬರೂ ಒಪ್ಪಿಕೊಂಡೆವು, ಮೂರೂ ನಮ್ಮ ಭಾಷೆಯಲ್ಲೇ. ಉಲಾ, ಅಂದರೆ ಜೋಡಿಸು. ಉಜ಼್, ಅಂದರೆ ಕಡಿ. ಸಾನಾ, ಅಂದರೆ ಎಣಿಸು. ಯಾವ ಕಮಾಂಡು ಕೊಟ್ಟಾಗಲೂ ಪ್ರೋಗ್ರಾಮು ಬಾಯಿಬಿಟ್ಟು ಉತ್ತರ ಹೇಳಬೇಕು: ಇಷ್ಟು ಹೊಸ ಬಂಧ, ಇಷ್ಟು ಬದಲಾದವು, ಇಷ್ಟು ಕಡಿದವು. ಕೊಟ್ಟ ಕಮಾಂಡುಗಳೆಲ್ಲ ಒಂದು ಕಡತದಲ್ಲಿ ಸಾಲಾಗಿ ಉಳಿಯಬೇಕು. ಡಿಸ್ಕು ತೆರೆದವರು ಯಾರು ಬೇಕಾದರೂ ಅದನ್ನು ಓದಿ, ಯಾವ ಗೆರೆ ಯಾಕೆ ಬಂತೆಂದು ತಿಳಿಯಬೇಕು.

ಹೇಳಿದಷ್ಟು ಸಲೀಸಾಗಿರಲಿಲ್ಲ. ಮೊದಲ ದಿನ ನಾನು ಮೇಲಿನ ಮಿತಿ ಮಾತ್ರ ಇಟ್ಟೆ. ಸಾರಜನಕದಿಂದ ಇಂಗಾಲಕ್ಕೆ, ಎರಡು ಪಾಯಿಂಟ್ ಎರಡರವರೆಗೆ, ಚುಕ್ಕೆಗೆರೆ, ಉಲಾ. ಸಾರಜನಕದ ಗಟ್ಟಿಮುಟ್ಟಾದ ಮೂರು ಬಂಧಗಳೂ ಚುಕ್ಕೆಯಾಗಿ ಕೂತವು.

"ನೋಡ್ದಾ? ಒಂದು ಕಡೆ ಬೇಲಿ ಹಾಕಿ ಇನ್ನೊಂದು ಕಡೆ ಬಿಟ್ಟಿದೀಯ," ಎಂದರು ಓಪಾ. ಕೆಳಗಿನ ಮಿತಿ ಸೇರಿಸಿದೆ.

"ಆಮೇಲೆ ಇನ್ನೊಂದು. ಹೊಸದು ಎಳೆ ಅಂದಾಗ ಹಳೇದನ್ನ ಮುಟ್ಟಬಾರದು. ಹಳೇದನ್ನ ತಿದ್ದು ಅಂದಾಗ ಹೊಸದು ಎಳೀಬಾರದು. ಎರಡೂ ಬೇರೆ ಬೇರೆ ಅಪ್ಪಣೆ. ಕಿಮ್ ಒಂದ್ಸಲ ಇದೇ ತಪ್ಪು ಮಾಡಿ ಮೂರು ಹಾಳೆ ಹಾಳ್ಮಾಡಿದ್ದ." ಅದನ್ನೂ ಬೇರೆ ಮಾಡಿದೆ.

ಎರಡನೆಯ ದಿನ ಓಪಾ, "ಬರೀ ನನ್ನದೊಂದಕ್ಕೆ ಅಂತ ಅಳತೆ ಕೊಡಬೇಡ. ಒಂದು ಪಾಯಿಂಟ್ ಒಂಬತ್ತರಿಂದ ಮೂರರವರೆಗೆ ಕೇಳು. ನಡುವಿನ ಜಾಗ ಅಂದ್ರೆ ಅದು," ಎಂದರು. ಕೇಳಿದರೆ ನೂರಾ ಹದಿನೇಳರಲ್ಲಿ ಒಂದರ ಬದಲು ಒಂಬತ್ತು ಚುಕ್ಕೆಗೆರೆ ಬಂದವು. ಓಪಾ ಬೆರಳು ಮಡಚಿ ಯೋಚಿಸಿದರು. ಕೀಬೋರ್ಡನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಹೇಳುವುದು ಅವರ ಕೆಲಸ, ಬರೆಯುವುದು ಇನ್ನೊಬ್ಬರದು, ಅದೇ ರೂಢಿ.

"ಇವೆಲ್ಲ ಗೆಳೆಯನ ಗೆಳೆಯರು ಕಣೋ. ನಡುವೆ ಒಬ್ಬನ ಕೈ ಹಿಡಿದಿರೋದ್ರಿಂದ ಹತ್ತಿರ ಇದಾರೆ, ಸ್ವಂತ ಆಸೆಯಿಂದ ಅಲ್ಲ. ಬಂಧಗಳ ಮೇಲೇ ಹೆಜ್ಜೆ ಇಟ್ಕೊಂಡು ಹೋದ್ರೆ ನಾಲ್ಕು ಹೆಜ್ಜೆಗಿಂತ ಕಡಿಮೆ ಇರೋರನ್ನ ಬಿಟ್ಬಿಡು. ಇಂಗಾಲ ಅಂದ್ರೂ ಎಲ್ಲಾ ಇಂಗಾಲ ಅಲ್ಲ, ಆಮ್ಲಜನಕ ಹೊತ್ತಿರೋದು ಮಾತ್ರ."

ಬೆರಳು ಮಡಚಿ ಅವರು ಹೇಳಿದ ಆ ಎರಡು ಮಾತನ್ನು ಪ್ರೋಗ್ರಾಮಿಗೆ ಇಳಿಸಲು ನನಗೆ ಐದು ದಿನ ಹಿಡಿಯಿತು. ಮುಗಿದಾಗ ನೂರಾ ಹದಿನೇಳನೆಯ ಅಣುವಿನ ಮೇಲೆ ಕಮಾಂಡು ಕೊಟ್ಟೆ. ಒಂದು ಹೊಸ ಬಂಧ, ಎಂದು ಉತ್ತರ ಬಂತು. ಉಂಗುರದ ಎರಡು ದಡಗಳ ನಡುವೆ ಏಳು ಚುಕ್ಕೆಗಳ ಸಾಲು. ಓಪಾ ನನ್ನ ತಲೆ ಸವರಿದರು. ನನಗೆ ಪದಕ ಸಿಕ್ಕಿದಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಎರ್ಗಾಶ್ ದೋಮ್ಲಾ ಬಂದದ್ದು ಆಗ. ಅವರೂ ಓಪಾ ಅವರೂ ಯೂನಿವರ್ಸಿಟಿಯಲ್ಲಿ ಒಂದೇ ಕ್ಲಾಸು. ದೊಡ್ಡ ಆಳು, ಮೆತ್ತನೆಯ ದನಿ. ಕೆಟ್ಟವರೇನಲ್ಲ. ಕ್ಷ-ಕಿರಣದ ಯಂತ್ರ ಕೆಟ್ಟು ಕೂತಾಗಲೆಲ್ಲ ಊರೂರು ಅಲೆದು ಬಿಡಿಭಾಗ ತಂದು ಇನ್‌ಸ್ಟಿಟ್ಯೂಟನ್ನು ಉಳಿಸಿದವರು. ಪರದೆ ನೋಡಿದರು. ಮುಖ ಗಂಟಿಕ್ಕಿತು.

"ಇದು ಬೇಡ ಮಸ್ತೂರಾ. ಎಂಬತ್ತೈದರ ಕ್ಯಾಟಲಾಗಲ್ಲಿ ಹೇಗಿದೆಯೋ ಹಾಗೇ ಇರಲಿ."

"ಕ್ಯಾಟಲಾಗು ತಪ್ಪಾಗಿದೆ."

"ಇಂಗಾಲಕ್ಕೆ ನಾಲ್ಕು ಕೈ. ನೀವು ಐದನೇದು ತೋರಿಸ್ತಿದೀರ. ಸಭೆಗೆ ಮಾಸ್ಕೋದಿಂದ ಜನ ಬರ್ತಾರೆ, ನಗ್ತಾರೆ."

"ಅಳೆದು ನೋಡ್ಲಿ, ಆಮೇಲೆ ನಗ್ಲಿ."

"ಮುನ್ನೂರ ಹನ್ನೆರಡರಲ್ಲಿ ಒಂದೇ ಒಂದಕ್ಕೆ ಇಂಥ ಗೆರೆ ಇದ್ರೆ ಏನನ್ಕೋತಾರೆ? ಅಳತೆ ತಪ್ಪು ಅಂತಾರೆ. ನಿಮಗೇ ಕೆಟ್ಟ ಹೆಸರು. ಗುರುವಾರ ಡಿಸ್ಕು ಕಳಿಸಬೇಕು. ಸಂಜರ್, ಅದನ್ನ ತೆಗೆದುಬಿಡಪ್ಪ."

ಓಪಾ ಕೆಟಲು ಎತ್ತಿ ದೋಮ್ಲಾ ಅವರ ಬಟ್ಟಲಿಗೆ ಚಹಾ ಸುರಿದರು, ಅಂಚಿನವರೆಗೆ, ತುಳುಕುವಷ್ಟು. ನಮ್ಮ ಕಡೆ ಬಟ್ಟಲಿಗೆ ಅರ್ಧ ಹಾಕಿದರೆ ಮರ್ಯಾದೆ, ಮತ್ತೆ ಮತ್ತೆ ಬಡಿಸುವ ಆಸೆ ಇದೆ ಎಂದರ್ಥ. ತುಂಬಿ ಕೊಟ್ಟರೆ ಕುಡಿದು ಎದ್ದುಹೋಗಿ ಎಂದು. ಡೈರೆಕ್ಟರಿಗೆ ಯಾರಾದರೂ ಹಾಗೆ ಚಹಾ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ದೋಮ್ಲಾ ಬಟ್ಟಲನ್ನು ನೋಡಿದರು, ಮುಟ್ಟದೆ ಎದ್ದು ಹೋದರು. ನಾನು ಮೇಜಿನ ಕೆಳಗೆ ಏನೋ ಹುಡುಕುವ ನಾಟಕ ಮಾಡಿದೆ.

ತಲೆಯೆತ್ತಿದರೆ ಓಪಾ ಕುರ್ಚಿಯಲ್ಲಿ ಕುಸಿದಂತೆ ಕೂತಿದ್ದರು.

"ಅವರು ಹೇಳಿದ್ರಲ್ಲಿ ಒಂದು ಮಾತು ನಿಜ ಸಂಜರ್. ಮುನ್ನೂರ ಹನ್ನೆರಡರಲ್ಲಿ ಇದು ಒಂದೇ ಒಂದು. ನನಗೂ ಒಂದೊಂದ್ಸಲ ಅನ್ಸತ್ತೆ, ಅವತ್ತು ಯಂತ್ರನೇ ಸರಿ ಇರ್ಲಿಲ್ವೇನೋ, ನಾನೇ ಎಲ್ಲೋ ಎಡವಿದ್ನೇನೋ ಅಂತ. ತೆಗೆದ್ಹಾಕು. ಹೋಗ್ಲಿ."

ಇಷ್ಟು ದಿನದಲ್ಲಿ ಅವರ ಬಾಯಿಂದ ಸೋತ ಮಾತು ಕೇಳಿದ್ದು ಅದೇ ಮೊದಲು. ನನಗೆ ಸಂಕಟವಾಯಿತು. ದೋಮ್ಲಾ ಮೇಲಿನ ಕೋಪಕ್ಕೆ, ಗೆರೆಯನ್ನು ತೆಗೆಯುವ ಬದಲು ಇನ್ನೊಮ್ಮೆ ಎಳೆದೇ ಬಿಡುತ್ತೇನೆ ಎಂದು ಆ ಕಮಾಂಡನ್ನು ದಡಬಡ ಟೈಪು ಮಾಡಿ ಒತ್ತಿದೆ. ಉತ್ತರ ಬರಲು ಎಂದಿಗಿಂತ ತುಂಬಾ ಹೊತ್ತು ಹಿಡಿಯಿತು. ಆಮೇಲೆ ಪರದೆಯ ಕೆಳಗೆ ಅಕ್ಷರ ಮೂಡಿತು: ಹನ್ನೊಂದು ಹೊಸ ಬಂಧ, ಒಂದು ಮೊದಲೇ ಇದೆ. ಒಟ್ಟು ಹನ್ನೆರಡು.

"ಎಷ್ಟು ಬಂತು?" ಎಂದರು ಓಪಾ, ಅಭ್ಯಾಸಬಲದಿಂದ.

"ಹನ್ನೆರಡು ಅಂತಿದೆ."

"ಒಂದಿರಬೇಕು. ಏನೋ ತಪ್ಪು ಮಾಡಿದೀಯ."

ಹೌದು, ಮಾಡಿದ್ದೆ. ಕೋಪದಲ್ಲಿ 117 ಎಂಬ ಸಂಖ್ಯೆಯನ್ನೇ ಬರೆದಿರಲಿಲ್ಲ. ಯಾವ ಅಣು ಎಂದು ಹೇಳದಿದ್ದರೆ ಎಲ್ಲ ಅಣುಗಳೂ ಎಂದು ತಿಳಿಯುವ ಹಾಗೆ ನಾನೇ ಮಾಡಿಟ್ಟಿದ್ದೆ. ಪ್ರೋಗ್ರಾಮು ಪಾಪ ಮುನ್ನೂರ ಹನ್ನೆರಡನ್ನೂ ತಡಕಾಡಿ ಬಂದಿತ್ತು. ಆದರೂ ಹನ್ನೆರಡು ಹೇಗೆ ಬಂತು? ನನ್ನ ಹೆಜ್ಜೆ ಎಣಿಸುವ ಭಾಗದಲ್ಲೇ ದೋಷವಿರಬೇಕೆಂದು ಒಂದೂವರೆ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಸಿಗಲಿಲ್ಲ. ಕೊನೆಗೆ ಆ ಹನ್ನೊಂದು ಅಣುಗಳನ್ನೇ ಒಂದೊಂದಾಗಿ ತೆರೆದು ನೋಡಿದೆ.

ಎಲ್ಲದರಲ್ಲೂ ದೊಡ್ಡ ಉಂಗುರ. ಒಂದು ದಡದಲ್ಲಿ ಸಾರಜನಕ, ಎದುರು ದಡದಲ್ಲಿ ಆಮ್ಲಜನಕ ಹೊತ್ತ ಇಂಗಾಲ. ಬೇರೆ ಬೇರೆ ಗಿಡ, ಬೇರೆ ಬೇರೆ ಬೆಟ್ಟ, ಬೇರೆ ಬೇರೆ ಕೈಗಳು ಬೇರೆ ಬೇರೆ ವರ್ಷ ಅಳೆದವು. ಒಂದು 1968ರದು, ಒಂದು 1991ರದು.

"ದೂರ ಎಷ್ಟೆಷ್ಟು? ಜಾಸ್ತಿಯಿಂದ ಕಡಿಮೆಗೆ ಓದು," ಎಂದರು ಓಪಾ. ಅವರ ದನಿ ಬದಲಾಗಿತ್ತು.

"ಎರಡು ಪಾಯಿಂಟ್ ಒಂಬತ್ತು ಒಂದು. ಎರಡು ಪಾಯಿಂಟ್ ಎಂಟು ಮೂರು. ಎಪ್ಪತ್ತು... ಐವತ್ತೆಂಟು... ನಲವತ್ತಾರು..."

ಓದುತ್ತ ಹೋದೆ. ಮೂವತ್ತೊಂದು, ಹದಿನೆಂಟು. ಹದಿನೆಂಟು ಓಪಾ ಅವರದು. ಕೊನೆಯದು ಒಂದು ಪಾಯಿಂಟ್ ಒಂಬತ್ತು ಮೂರು. ಅದೇ ಸಾಲಿನಲ್ಲಿ ಹನ್ನೆರಡು ಚಿತ್ರಗಳನ್ನು ಪರದೆಯ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಿದೆ. ಮೊದಲನೆಯದರಲ್ಲಿ ಇಂಗಾಲ ತನ್ನ ಜೊತೆಗಾರರ ಜೊತೆ ಮಟ್ಟಸವಾಗಿ ಮಲಗಿತ್ತು. ಮುಂದಿನದರಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಅದರ ಮುಂದಿನದರಲ್ಲಿ ಇನ್ನಷ್ಟು. ಸಾರಜನಕ ಹತ್ತಿರವಾದಷ್ಟೂ ಇಂಗಾಲ ಎದ್ದು ಎದ್ದು ಬರುತ್ತಿತ್ತು, ಒಂದಾದರೂ ಸಾಲು ತಪ್ಪದೆ. ಎರಡು ಪರಮಾಣುಗಳು ಕೈ ಹಿಡಿಯುವುದು ಹೇಗೆ ಎಂಬುದು ನಮ್ಮ ಬೀರುವಿನಲ್ಲಿ ಎಷ್ಟೋ ವರ್ಷಗಳಿಂದ ಹನ್ನೆರಡು ತುಂಡಾಗಿ ಬಿದ್ದಿತ್ತು. ಕೇಳಲು ಒಂದು ಮಾತು ಇರಲಿಲ್ಲ, ಅದಕ್ಕೆ ಯಾರೂ ಕೇಳಿರಲಿಲ್ಲ.

ಓಪಾ ಪರದೆಯ ಹತ್ತಿರ ಬಂದು ಹನ್ನೆರಡನ್ನೂ ಒಂದೊಂದಾಗಿ ಬೆರಳಿಟ್ಟು ಎಣಿಸಿದರು. ನನಗಂತೂ ಅವರ ಕಾಲಿಗೆ ಬೀಳಬೇಕೆನಿಸಿತು. ಇದನ್ನು ಕಂಡುಹಿಡಿದದ್ದು ನನ್ನ ಪ್ರೋಗ್ರಾಮಲ್ಲ. ಒಂದು ಅಣುವನ್ನು ಸರಿಯಾಗಿ ನೋಡಿ, ನೋಡಿದ್ದನ್ನು ಯಾವ ಅಣುವಿಗಾದರೂ ಕೇಳಬಹುದಾದ ಪ್ರಶ್ನೆಯಾಗಿ ಕಡೆದುಕೊಟ್ಟ ಆ ತಲೆ. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ನಾನು ಎಷ್ಟೋ ದೇಶದ ಪ್ರೋಗ್ರಾಮು ನೋಡಿದ್ದೇನೆ, ದೊಡ್ಡ ದೊಡ್ಡವರ ಜೊತೆ ಕೆಲಸ ಮಾಡಿದ್ದೇನೆ. ಅಷ್ಟು ಚೊಕ್ಕವಾದ ಪ್ರಶ್ನೆಯನ್ನು ಇನ್ನೊಮ್ಮೆ ಕಂಡಿಲ್ಲ.

ಗುರುವಾರ ಬಂತು. ಗುರುವಾರ ಕ್ಯಾಂಟೀನಿನಲ್ಲಿ ಪಲಾವು. ಊಟ ಮುಗಿಸಿ, ಕೈಯಿಂದ ಇನ್ನೂ ಜೀರಿಗೆ ವಾಸನೆ ಬರುತ್ತಿರುವಾಗಲೇ ಎರ್ಗಾಶ್ ದೋಮ್ಲಾ ಡಿಸ್ಕಿಗಾಗಿ ಬಂದರು. ಚಹಾದ ಘಟನೆಯ ಬಿಗುಮಾನ ಮುಖದ ಮೇಲಿತ್ತು.

"ತೆಗೆದ್ಯೇನಪ್ಪ ಆ ಗೆರೆ?"

"ತೆಗೆದೆ ದೋಮ್ಲಾ, ಮತ್ತೆ ಎಳೆಯೋಕೆ," ಎಂದೆ. "ಒಂದಲ್ಲ ಅದು. ಅಂಥವು ಹನ್ನೆರಡಿವೆ ನಮ್ಮಲ್ಲಿ."

ಆ ಹನ್ನೆರಡರ ಪಟ್ಟಿ ಇನ್ನೂ ನನ್ನ ಕೈಯಲ್ಲೇ ಮಡಚಿಕೊಂಡಿತ್ತು. ಪರದೆ ಆರಿತ್ತು. ದೋಮ್ಲಾ ಬಾಗಿಲಲ್ಲೇ ನಿಂತು ಕೇಳಿದರು:

"ಅರವತ್ನಾಲ್ಕು ಇದೆಯಾ ಅದರಲ್ಲಿ?"

ಅರವತ್ತನಾಲ್ಕನೆಯ ಅಣು ಅವರದೇ. ಅವರು ಡಾಕ್ಟರೇಟು ಪಡೆದ ಅಣು. ಪಟ್ಟಿಯಲ್ಲಿ ಐದನೆಯದು, ಎರಡು ಪಾಯಿಂಟ್ ನಾಲ್ಕು ಆರು. ಓಪಾ ನಿಧಾನವಾಗಿ ಅವರ ಕಡೆ ತಿರುಗಿದರು.

"ನಿಮಗೆ ಗೊತ್ತಿತ್ತಾ?"

ದೋಮ್ಲಾ ಒಳಗೆ ಬಂದು ಕೂತರು. ಅಷ್ಟು ದೊಡ್ಡ ಆಳು ಆ ಸ್ಟೂಲಿನ ಮೇಲೆ ಮುದುಡಿಕೊಂಡಿದ್ದರು.

"ಎಪ್ಪತ್ತೊಂದರಿಂದ. ಮೂರು ಸಲ ಅಳೆದೆ. ಮೂರು ಸಲಾನೂ ಅದೇ ಬಂತು. ಪರೀಕ್ಷೆ ಹತ್ತಿರ ಇತ್ತು, ಇದೇನು ಅಂತ ಕೇಳಿದ್ರೆ ಉತ್ತರ ಇರ್ಲಿಲ್ಲ. ಎಳೀದೇ ಬಿಟ್ಬಿಟ್ಟೆ. ಯಾರೂ ಕೇಳ್ಲಿಲ್ಲ." ಓಪಾ ಕಡೆ ತಿರುಗಿ ಮುಂದುವರಿಸಿದರು. "ಎಂಟು ವರ್ಷ ಆದ್ಮೇಲೆ ನೀವು ಅದೇ ಗೆರೆ ಹಾಕಿಸ್ಕೊಂಡು ಬಂದ್ರಿ. ನಿಮ್ಮದು ನಿಂತ್ರೆ, ಎರ್ಗಾಶ್ ತನ್ನದರಲ್ಲಿ ಯಾಕೆ ಬಿಟ್ಟ ಅಂತ ಕೇಳೋರು. ಅದಕ್ಕೇ ಹೆರೆದೆ ಮಸ್ತೂರಾ."

ಈಗ ಕೆಟಲೇ ಹಾರಿ ಬರುತ್ತದೆ ಎಂದುಕೊಂಡು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಓಪಾ ಕೂಗಾಡಲಿಲ್ಲ. ಅವರ ಕಣ್ಣಲ್ಲಿ ನೀರು ಬಂದಿತ್ತು, ಆದರೆ ದನಿ ಗಟ್ಟಿಯಾಗಿತ್ತು.

"ಇಪ್ಪತ್ನಾಲ್ಕು ವರ್ಷ ನಾನು ನನ್ನ ಅಳತೇನೇ ಅನುಮಾನಿಸ್ಕೊಂಡು ಬದುಕಿದೀನಿ. ನನ್ನದೊಂದೇ ಅಂದ್ಕೊಂಡಿದ್ದೆ. ಅವತ್ತು ನೀವು ನಿಮ್ಮದನ್ನೂ ತಂದು ಮೇಜಿನ ಮೇಲೆ ಇಟ್ಟಿದ್ದಿದ್ರೆ ಎರಡಾಗ್ತಿತ್ತು ಎರ್ಗಾಶ್. ಎರಡಿದ್ದಿದ್ರೆ ನಾವು ಮೂರನೇದನ್ನ ಹುಡುಕ್ತಿದ್ವಿ."

ದೋಮ್ಲಾ ತಲೆ ತಗ್ಗಿಸಿದರು. ಹೊರಗೆ ಕಾರಿಡಾರಿನಲ್ಲಿ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಆ ಸದ್ದು ನಿಂತ ಮೇಲೆ ದೋಮ್ಲಾ ಎದ್ದು, ನನ್ನನ್ನು ಪಕ್ಕಕ್ಕೆ ಸರಿಸಿ, ಕಂಪ್ಯೂಟರಿನ ಮುಂದೆ ಕೂತರು.

"ಹೇಗೆ ಬರೀಬೇಕು ಹೇಳಪ್ಪ."

ನಾನು ಬಾಯಿ ತೆರೆಯುವ ಮೊದಲೇ ಓಪಾ ಹೇಳತೊಡಗಿದರು. ಯಾರಿಂದ, ಯಾರಿಗೆ, ಎಷ್ಟರಿಂದ ಎಷ್ಟಕ್ಕೆ, ಯಾವ ಗೆರೆ. ದೋಮ್ಲಾ ಎರಡೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಮೊದಲು ತಮ್ಮ ಅರವತ್ತನಾಲ್ಕಕ್ಕೆ ಗೆರೆ ಎಳೆದರು. ಆಮೇಲೆ ಒಂದರ ಹಿಂದೆ ಒಂದು, ಉಳಿದವುಗಳಿಗೆ. ಪ್ರತಿ ಸಲವೂ ಓಪಾ ಎಷ್ಟು ಬಂತು ಎಂದು ಕೇಳಿದರು, ಪ್ರತಿ ಸಲವೂ ದೋಮ್ಲಾ ಒಂದು ಎಂದರು. ಹನ್ನೊಂದು ಮುಗಿದವು. ಕಡತದಲ್ಲಿ ಗೋಜಲು ಉಳಿಯದಿರಲೆಂದು ನನ್ನ ಹಳೆಯ ಪ್ರಯತ್ನದ ಗೆರೆಗಳನ್ನೆಲ್ಲ ಬೆಳಿಗ್ಗೆಯೇ ಕಡಿದು ಶುಚಿ ಮಾಡಿದ್ದರಿಂದ ನೂರಾ ಹದಿನೇಳು ಮಾತ್ರ ಖಾಲಿ ಉಳಿದಿತ್ತು. ದೋಮ್ಲಾ ಅದರ ಸಂಖ್ಯೆ ಒತ್ತಲು ಬೆರಳೆತ್ತಿದರು.

"ಅದು ಬೇಡ, ಏಳಿ," ಎಂದರು ಮಸ್ತೂರಾ ಓಪಾ. "ಅದನ್ನ ನಾನೇ ಎಳೀತೀನಿ."

ದೋಮ್ಲಾ ತಟ್ಟನೆ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಓಪಾ ಕೂತು, ಕನ್ನಡಕ ಸರಿಮಾಡಿಕೊಂಡು, ತಾವೇ ಹೇಳಿಕೊಳ್ಳುತ್ತ ತಾವೇ ಬರೆದರು. ಒಂದಕ್ಷರ ತಪ್ಪಾಯಿತು, ಅಳಿಸಿದರು, ಮತ್ತೆ ಬರೆದರು. ನಾವಿಬ್ಬರು ಗಂಡಸರು ಹಿಂದೆ ಕೈಕಟ್ಟಿ ನಿಂತಿದ್ದೆವು. ಕೊನೆಗೆ ಉಲಾ ಎಂದು ಸೇರಿಸಿ, ಒಂದು ಕ್ಷಣ ತಡೆದು, ಒತ್ತಿದರು.

ಒಂದು ಹೊಸ ಬಂಧ, ಎಂದು ಉತ್ತರ ಬಂತು. ಅವರು ಅದನ್ನು ಗಟ್ಟಿಯಾಗಿ ಓದಿದರು, ತಮಗೇ ಕೇಳಿಸುವ ಹಾಗೆ.